ಇಂಗ್ಲೆಂಡಿಗೆ ಬಂದ ಆಯಿ-ಅಪ್ಪ ಡಾಕ್ಟ್ರ ಹತ್ರ ಯಾಕೆ ಹೋಗೋದಿಲ್ಲ

ಶಿರಸಿ, ಕುಮಟಾ, ಕಾರವಾರ ಕಡೆಯಿಂದ ಆಯಿ-ಅಪ್ಪನ್ನ ಇಲ್ಲಿಗೇ ಕರ್ಕೊಂಡು ಬಂದವ್ರು ಮೊದ್ಲು ಅವ್ರಿಗೆ ಜಿಪಿ (ಮೊದ್ಲು ತೋರಿಸ್ಬೇಕಾದ ಫ್ಯಾಮಿಲಿ ಡಾಕ್ಟ್ರು) ಅಂದ್ರೆ ಏನು ಅಂತ ಬಿಡಿಸಿ ಹೇಳಿ. ಊರಲ್ಲಿ ಮಂಡಿ ನೋವು ಜಾಸ್ತಿ ಆದ್ರೆ ಗಾಡಿ ಮಾಡ್ಕೊಂಡು ಸೀದಾ ಮಣಿಪಾಲಕ್ಕೋ ಹುಬ್ಬಳ್ಳಿಗೋ ಹೋಗಿ ದೊಡ್ಡ ಡಾಕ್ಟ್ರಿಗೇ ತೋರಿಸಿ ರೂಢಿ, ಇಲ್ಲಿ ಜಿಪಿ ಬರೆದುಕೊಟ್ರೆ ಸ್ಪೆಷಲಿಸ್ಟು, ಅದಕ್ಕೂ ಎಷ್ಟೋ ಸಲ ತಿಂಗಳುಗಟ್ಲೆ ಕಾಯ್ಬೇಕು. ಒಂದ್ಸಲ ಬರೀ ಪ್ಯಾರಾಸಿಟಮಾಲ್ ಹೇಳಿ ಕಳಿಸಿದ್ರೆ ಮುಗೀತು, ಮತ್ತೆ ಆ ಕಡೆ ತಲೆ ಹಾಕೋದಿಲ್ಲ.

ಇನ್ನೊಂದು ಮಾನದ ಪ್ರಶ್ನೆ. ಫೋನಲ್ಲೇ ರಿಸೆಪ್ಶನಿಸ್ಟ್ ಏನು ತೊಂದ್ರೆ ಅಂತ ಕೇಳ್ತಾರೆ, ಉಚ್ಚೆ ತಡೆಯೋಕಾಗ್ತಿಲ್ಲ ಅನ್ನೋದನ್ನ ಆಯಿ ಪರರಿಗೆ ಹೇಳ್ತಾಳಾ, ಮಧ್ಯ ಕೂತು ಇಂಗ್ಲಿಷ್ ಮಾಡೋ ಮಗನ ಎದುರಿಗಂತೂ ಬಾಯೇ ಬಿಡೋದಿಲ್ಲ ಮಾರಾಯ್ರೆ! ಅಪಾಯಿಂಟ್ಮೆಂಟ್ ತಗೊಳೋವಾಗ್ಲೇ ಕನ್ನಡ ಇಂಟರ್ಪ್ರಿಟರ್ ಬೇಕು, ಹೆಂಗಸಾದ್ರೆ ಒಳ್ಳೇದು ಅಂತ ಕೇಳಿ. ಅದಕ್ಕೆ ದುಡ್ಡು ತಗೊಳೋದಿಲ್ಲ.

ಸ್ನಾನ, ಮೆಟ್ಲು ಹತ್ತೋದು ಕಷ್ಟ ಆದ್ರೆ ನಿಮ್ಮ ಏರಿಯಾದ ಸ್ಥಳೀಯ ಆಡಳಿತ, ಅಂದ್ರೆ ಕೌನ್ಸಿಲ್‌ಗೆ ಕೇರ್ ನೀಡ್ಸ್ ಅಸೆಸ್ಮೆಂಟ್ (ಏನೇನು ಸಹಾಯ ಬೇಕು ಅಂತ ನೋಡೋ ಪರಿಶೀಲನೆ) ಕೇಳ್ಬಹುದು, ಅದೂ ಫ್ರೀ, ಆದಾಯ ಎಷ್ಟಿದ್ರೂ. ನಮ್ಮವ್ರು ಎಡವೋದು ಇಲ್ಲೇ. ಅಸೆಸ್ಮೆಂಟಿಗೆ ಬಂದವ್ರ ಎದುರು ಒಳ್ಳೆ ಸೀರೆ ಉಟ್ಕೊಂಡು ಚಾ-ಚಕ್ಕುಲಿ ತಂದಿಟ್ಟು "ನಂಗೇನೂ ತ್ರಾಸಿಲ್ಲ, ಎಲ್ಲಾ ನಾನೇ ಮಾಡ್ಕೊಳ್ತೆ" ಅಂದ್ಬಿಟ್ರೆ ಅವ್ರು ಅದನ್ನೇ ಬರ್ಕೊಂಡು ಹೋಗ್ತಾರೆ. ಮೈ ಸರಿ ಇಲ್ಲದ ದಿನ ಹೆಂಗಿರ್ತದೆ ಅಂತ ಹೇಳೋಕೆ ಮೊದ್ಲೇ ಒಪ್ಪಿಸಿ. ಬೇಕು ಅಂತ ಅವ್ರು ಬರೆದ್ರೆ ಬಾತ್ರೂಮಿನ ಹಿಡಿ ಥರದ್ದು, 1,000 ಪೌಂಡ್ ಒಳಗಿನ ಸಣ್ಣ ಬದಲಾವಣೆ, ಕೌನ್ಸಿಲ್ಲೇ ಹಾಕಿಸ್ತದೆ. ಮನೆಗೆ ಬಂದು ನೋಡ್ಕೊಳೋ ಕೇರರ್ ಆದ್ರೆ ಲೆಕ್ಕ ಬೇರೆ, ಆರೈಕೆ ಬೇಕಾದವ್ರ ಉಳಿತಾಯ 23,250 ಪೌಂಡ್ ಮೇಲಿದ್ರೆ ಖರ್ಚು ಅವ್ರದ್ದೇ.

ವೀಸಾ ಹೆದರಿಕೆಗೂ ಸುಮಾರು ಜನ ಸುಮ್ನಿರ್ತಾರೆ. ವೀಸಾದಲ್ಲಿ 'ನೋ ರಿಕೋರ್ಸ್ ಟು ಪಬ್ಲಿಕ್ ಫಂಡ್ಸ್' (ಸರ್ಕಾರಿ ನೆರವಿನ ದುಡ್ಡು ತಗೊಳೋ ಹಾಗಿಲ್ಲ) ಅಂತಿದ್ರೆ, ವಯಸ್ಸಾದವ್ರ ಆರೈಕೆಗೆ ಸರ್ಕಾರ ಕೊಡೋ ಅಟೆಂಡೆನ್ಸ್ ಅಲೋವೆನ್ಸ್‌ಗೆ ಅರ್ಜಿ ಹಾಕ್ಬೇಡಿ, ಆದ್ರೆ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಚಿಕಿತ್ಸೆ ಆ ಪಬ್ಲಿಕ್ ಫಂಡ್ಸ್ ಪಟ್ಟಿಲಿ ಇಲ್ಲ. ವಿಸಿಟರ್ ವೀಸಾದಲ್ಲಿ ಬಂದವ್ರಿಗೂ ಜಿಪಿ ಫ್ರೀ, ಎಮರ್ಜೆನ್ಸಿ ವಿಭಾಗವೂ ಫ್ರೀ, ಅಡ್ಮಿಟ್ ಆದ್ರೆ ಅಥವಾ ಆಸ್ಪತ್ರೆಯ ಸ್ಪೆಷಲಿಸ್ಟಿಗೆ ತೋರಿಸಿದ್ರೆ ಸಾಮಾನ್ಯವಾಗಿ ಮಾಮೂಲಿ ದರದ ಒಂದೂವರೆ ಪಟ್ಟು ಬಿಲ್ಲು, ಅವ್ರಿಗೆ ಇನ್ಶೂರೆನ್ಸ್ ಮಾಡಿಸ್ಲೇಬೇಕು.

60 ದಾಟಿದವ್ರಿಗೆ ಇಂಗ್ಲೆಂಡಲ್ಲಿ ಪ್ರಿಸ್ಕ್ರಿಪ್ಶನ್ ಮಾತ್ರೆನೂ ಕಣ್ಣಿನ ಟೆಸ್ಟೂ ಫ್ರೀ. ಇಲ್ಲೇ ನೆಲೆಸಿದವ್ರು ಬಂದವ್ರ ಬ್ಯಾಗಲ್ಲಿ ಊರಿಂದ ಬಿಪಿ ಮಾತ್ರೆ ತರಿಸೋದು ಬಿಟ್ಟು ಜಿಪಿ ಹತ್ರ ರಿಪೀಟ್ (ಅದೇ ಮಾತ್ರೆ ಮತ್ತೆ ಮತ್ತೆ ಸಿಗೋ ಚೀಟಿ) ಬರೆಸ್ಕೊಳ್ಳಿ.