ವಸಡಿನ ಅಂಚಿಗೆ ಬ್ರಷ್ ಮುಟ್ಟಿಸುವುದು: ನನ್ನ ಅನುಭವ

ಹಲ್ಲುಜ್ಜಿದ ಮೇಲೂ ಎಲ್ಲಿ ಕೊಳೆ ಉಳಿದಿದೆ ಎಂದು ನೋಡಲು ಅಡುಗೆಮನೆಯಲ್ಲೇ ಉಪಾಯವಿದೆ. ಸಿಹಿತಿಂಡಿಗೆ ಹಾಕುವ ಕೆಂಪು ಬಣ್ಣದ ಎರಡು ಹನಿಯನ್ನು ಅರ್ಧ ಚಮಚ ನೀರಿಗೆ ಬೆರೆಸಿ, ಹತ್ತಿಕಡ್ಡಿಯಿಂದ ಹಲ್ಲಿಗೆಲ್ಲ ಸವರಿ, ಒಂದು ಸಲ ಬಾಯಿ ಮುಕ್ಕಳಿಸಿ ಕನ್ನಡಿ ಮುಂದೆ ನಿಲ್ಲಬೇಕು. ತುಟಿಗೆ ಮೊದಲೇ ವ್ಯಾಸಲಿನ್ ಹಚ್ಚಿಕೊಂಡಿರಿ, ಇಲ್ಲದಿದ್ದರೆ ಆಫೀಸಿನಲ್ಲಿ ಎಲೆಅಡಿಕೆ ಯಾವಾಗಿನಿಂದ ಎಂದು ಕೇಳಿಯಾರು. ಹಲ್ಲಿನ ನಡುಭಾಗದಲ್ಲಿ ಬಣ್ಣ ಹೆಚ್ಚು ನಿಲ್ಲುವುದಿಲ್ಲ. ವಸಡು ಸೇರುವಲ್ಲಿ ಸಣ್ಣ ಗೆರೆಯಾಗಿ, ಎರಡು ಹಲ್ಲಿನ ಸಂದಿಯಲ್ಲಿ ತ್ರಿಕೋನವಾಗಿ, ಕೆಳಗಿನ ಮುಂಬಲ್ಲುಗಳ ಹಿಂಬದಿಯಲ್ಲಿ ಪಟ್ಟಿಯಾಗಿ ಉಳಿಯುತ್ತದೆ.

ಆ ಬಣ್ಣ ಹಿಡಿದಿದ್ದು ತಿಂದ ಅನ್ನದ ಅಗುಳನ್ನಲ್ಲ, ಬ್ಯಾಕ್ಟೀರಿಯಾ ಕಟ್ಟಿಕೊಂಡ ಲೋಳೆಪದರವನ್ನು. ಅದೇ ಪ್ಲಾಕ್. ಮುಕ್ಕಳಿಸಿದರೆ ಹೋಗುವುದಿಲ್ಲ, ಉಜ್ಜಿಯೇ ತೆಗೆಯಬೇಕು. ಬಿಟ್ಟರೆ ಒಂದೆರಡು ದಿನದಲ್ಲೇ ಎಂಜಲಿನಲ್ಲಿರುವ ಕ್ಯಾಲ್ಸಿಯಂ ಸೇರಿ ಗಾರೆಯಾಗತೊಡಗುತ್ತದೆ; ಗಟ್ಟಿಯಾದ ಗಾರೆ ಯಾವ ಬ್ರಷ್ಷಿಗೂ ಬಗ್ಗುವುದಿಲ್ಲ. ಕೆಳಗಿನ ಮುಂಬಲ್ಲಿನ ಹಿಂದೆ ಅದು ಮೊದಲು ಕಟ್ಟುವುದೇಕೆಂದರೆ, ನಾಲಿಗೆಯಡಿಯ ಎಂಜಲು ಗ್ರಂಥಿಗಳ ಕೊಳವೆ ತೆರೆದುಕೊಳ್ಳುವುದು ಅಲ್ಲೇ. ಬೋರ್‌ವೆಲ್ ನೀರಿನಿಂದ ಹೀಗಾಗುತ್ತದೆ, ಕಾವೇರಿ ಕನೆಕ್ಷನ್ ಬಂದರೆ ಸರಿಹೋಗುತ್ತದೆ ಎಂಬ ಮಾತು ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಓಡಾಡುತ್ತಿರುತ್ತದೆ. ಗೀಸರ್ ಒಳಗೆ ಕಟ್ಟುವ ಬಿಳಿಪದರಕ್ಕೆ ಬೋರ್ ನೀರನ್ನು ಬೈಯಬಹುದು. ಹಲ್ಲಿನ ಗಾರೆ ನಮ್ಮದೇ ಎಂಜಲಿನ ಕೂಸು.

ಬ್ರಷ್ ಸಾಫ್ಟ್ ಇರಲಿ, ತಲೆ ಚಿಕ್ಕದಿರಲಿ. ನಾನು ಪೆನ್ಸಿಲಿನಂತೆ ಬೆರಳ ತುದಿಯಲ್ಲಿ ಹಿಡಿಯುತ್ತೇನೆ. ಮುಷ್ಟಿಯಲ್ಲಿ ಹಿಡಿದರೆ ಪಾತ್ರೆ ತಿಕ್ಕುವ ಬಲ ತಾನಾಗಿ ಬರುತ್ತದೆ. ಎಳೆಗಳು ಅರ್ಧ ಹಲ್ಲಿನ ಮೇಲೆ, ಅರ್ಧ ವಸಡಿನ ಮೇಲೆ ಕೂರುವಂತೆ 45 ಡಿಗ್ರಿ ಓರೆಯಾಗಿಡಬೇಕು: ಮೇಲಿನ ಸಾಲಿಗೆ ಎಳೆ ಮೇಲ್ಮುಖ, ಕೆಳಗಿನ ಸಾಲಿಗೆ ಕೆಳಮುಖ. ಮೆಲ್ಲಗೆ ಒತ್ತಿದಾಗ ಅಂಚಿನ ವಸಡು ಒಂದಿಷ್ಟು ಬಿಳಿಚಿಕೊಂಡರೆ ಎಳೆಯ ತುದಿ ಸರಿಯಾದ ಜಾಗಕ್ಕೆ ಇಳಿದಿದೆ ಎಂದರ್ಥ. ಅಲ್ಲಿಂದ ಕದಲದೆ, ನಡುಗಿಸಿದ ಹಾಗೆ ಹತ್ತು ಹದಿನೈದು ಬಾರಿ ಅಲುಗಿಸಿ, ಕಡೆಗೆ ವಸಡಿನಿಂದ ಹಲ್ಲಿನ ತುದಿಯತ್ತ ಒಂದು ಸಲ ಸವರಿ, ಮುಂದಿನ ಎರಡು ಹಲ್ಲಿಗೆ ಹೋಗಬೇಕು. ಮುಂಬಲ್ಲುಗಳ ಹಿಂಬದಿಗೆ ಬ್ರಷ್ ಲಂಬವಾಗಿ ಹಿಡಿದು ತುದಿಯ ಎಳೆಗಳನ್ನು ಬಳಸಿ. ಕಡೇ ದವಡೆ ಹಲ್ಲಿನ ಹೊರಬದಿಗೆ ಬಾಯನ್ನು ಅರ್ಧ ಮುಚ್ಚಿ. ಆಗ ಕೆನ್ನೆ ಸಡಿಲಾಗಿ ಬ್ರಷ್ಷಿಗೆ ಜಾಗ ಬಿಡುತ್ತದೆ. ದೊಡ್ಡದಾಗಿ ಬಾಯಿ ತೆರೆದಷ್ಟೂ ಕೆನ್ನೆ ಬಿಗಿಯುತ್ತದೆ. ನಾನು ಶುರು ಮಾಡುವುದು ಕೆಳಸಾಲಿನ ಒಳಬದಿಯಿಂದ, ಏಕೆಂದರೆ ಕಡೆಗೆ ಇಟ್ಟುಕೊಂಡಿದ್ದು ಅವಸರಕ್ಕೆ ಬಲಿ. ಎರಡು ನಿಮಿಷಕ್ಕಿಂತ ಕಡಿಮೆಯಲ್ಲಿ ಇಷ್ಟೂ ಮುಗಿಯುವುದಿಲ್ಲ.

ಮೂರು ತಿಂಗಳಿಗೊಮ್ಮೆ ಬ್ರಷ್ ಬದಲಿಸುವುದು ಎಲ್ಲರಿಗೂ ಗೊತ್ತು. ಅದಕ್ಕೂ ಮೊದಲೇ ಎಳೆಗಳು ಹೊರಕ್ಕೆ ಬಾಗಿದ್ದರೆ ತಪ್ಪು ಬ್ರಷ್ಷಿನದಲ್ಲ, ಕೈಯದು. ಅಡ್ಡಡ್ಡ ಜೋರಾಗಿ ತಿಕ್ಕುವವರ ವಸಡು ಹಿಂದೆ ಸರಿದು, ಹಲ್ಲಿನ ಬುಡದಲ್ಲಿ ಉಗುರು ಸಿಕ್ಕುವಂಥ ಕಚ್ಚು ಬೀಳುತ್ತದೆ. ತಣ್ಣೀರು ತಾಗಿದರೆ ಜುಮ್ ಎನ್ನುವುದು ಅಲ್ಲಿಂದಲೇ. ಇದ್ದಿಲ ಪುಡಿ, ಉಪ್ಪು ಹಾಕಿ ತಿಕ್ಕಿದರೆ ಸವೆತ ಇನ್ನೂ ಬೇಗ.

ಪೇಸ್ಟು ಬಟಾಣಿ ಕಾಳಿನಷ್ಟು ಸಾಕು, ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು. ಟ್ಯೂಬಿನ ಮೇಲೆ ಫ್ಲೋರೈಡ್ ಇದೆಯೇ ನೋಡಿ. ನಮ್ಮಲ್ಲಿ ಅದರ ಮಿತಿ 1000 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿನಲ್ಲಿ ಸಾವಿರ ಪಾಲು. ಹರ್ಬಲ್ ಎಂದು ಬರೆದುಕೊಂಡಿರುವ ಎಷ್ಟೋ ಪೇಸ್ಟುಗಳಲ್ಲಿ ಅದು ಇರುವುದೇ ಇಲ್ಲ. ಉಜ್ಜಿದ ಮೇಲೆ ನೊರೆ ಉಗಿಯಿರಿ, ಚೊಂಬುಗಟ್ಟಲೆ ನೀರಲ್ಲಿ ಮುಕ್ಕಳಿಸಬೇಡಿ. ಹಲ್ಲಿನ ಮೇಲೆ ಉಳಿದ ಫ್ಲೋರೈಡ್ ತಾನೇ ಕೆಲಸ ಮಾಡುವುದು. ಬೆಳಿಗ್ಗೆ ತಪ್ಪಿದರೂ ರಾತ್ರಿ ತಪ್ಪಬಾರದು, ನಿದ್ದೆಯಲ್ಲಿ ಎಂಜಲು ಬತ್ತಿರುತ್ತದೆ.

ಸಂದಿಗೆ ಬ್ರಷ್ ಹೋಗುವುದಿಲ್ಲ, ಅಲ್ಲಿಗೆ ಫ್ಲಾಸ್ ದಾರ. ಮೊಳದುದ್ದ, ಸುಮಾರು 45 ಸೆಂಟಿಮೀಟರ್ ಕಿತ್ತು ಎರಡೂ ನಡುಬೆರಳಿಗೆ ಸುತ್ತಿ, ಮಧ್ಯೆ ಎರಡು ಮೂರು ಸೆಂಟಿಮೀಟರ್ ಬಿಗಿಯಾಗಿ ಹಿಡಿದು, ಗರಗಸದಂತೆ ಆಡಿಸುತ್ತ ಇಳಿಸಿ. ಒಮ್ಮೆಗೇ ಒತ್ತಿದರೆ ವಸಡು ಕುಯ್ದುಹೋಗುತ್ತದೆ. ಇಳಿದ ಮೇಲೆ ಒಂದು ಹಲ್ಲಿಗೆ ತಬ್ಬಿಸಿ ಮೇಲಕ್ಕೂ ಕೆಳಕ್ಕೂ, ಆಮೇಲೆ ಪಕ್ಕದ್ದಕ್ಕೆ. ಸಂದಿ ಅಗಲವಿದ್ದರೆ ದಾರಕ್ಕಿಂತ ಇಂಟರ್‌ಡೆಂಟಲ್ ಬ್ರಷ್ ವಾಸಿ. ತುರುಕದೆ ಹೋಗಬೇಕು, ಹೋದಾಗ ಬಿಗಿಯಿರಬೇಕು, ಅದೇ ಅಳತೆ. ಪಿನ್ನು, ಬೆಂಕಿಕಡ್ಡಿ ಖಂಡಿತ ಬೇಡ.

ಹೀಗೆ ಶುರು ಮಾಡಿದ ಮೊದಲ ದಿನಗಳಲ್ಲಿ ಬೇಸಿನ್ನಿನಲ್ಲಿ ರಕ್ತ ಕಾಣುತ್ತದೆ. ಹೆಚ್ಚಿನವರು ಕೈಬಿಡುವುದು ಇಲ್ಲೇ. ರಕ್ತ ಬಂದ ಕಡೆಯೇ ಪ್ಲಾಕ್ ಕೂತು ವಸಡು ಉಬ್ಬಿರುವುದು, ಅಲ್ಲೇ ಮೃದುವಾಗಿ ಇನ್ನಷ್ಟು ಉಜ್ಜಬೇಕು. 1965ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಅಧ್ಯಯನವೊಂದರಲ್ಲಿ ದಂತವಿಜ್ಞಾನಿ ಹರಾಲ್ಡ್ ಲೋ ಮತ್ತು ಸಂಗಡಿಗರು ಆರೋಗ್ಯವಂತರಿಗೆ ಹಲ್ಲುಜ್ಜುವುದನ್ನೇ ನಿಲ್ಲಿಸಿ ನೋಡಿದರು: ಹತ್ತರಿಂದ ಇಪ್ಪತ್ತೊಂದು ದಿನದಲ್ಲಿ ಎಲ್ಲರ ವಸಡೂ ಬಾತಿತು, ಮತ್ತೆ ಉಜ್ಜತೊಡಗಿದ ಮೇಲೆ ಸುಮಾರು ಒಂದು ವಾರದಲ್ಲಿ ಸರಿಹೋಯಿತು. ಹಾಗಾಗಿ ಎರಡು ವಾರ ಕಳೆದರೂ ರಕ್ತ ನಿಲ್ಲದಿದ್ದರೆ ಒಳಗೆ ಗಾರೆ ಇದೆ ಎಂದೇ ಹಿಡಿದು ಡಾಕ್ಟರಿಗೆ ತೋರಿಸಿ. ಶುಗರ್ ಇರುವವರು ಅಷ್ಟೂ ಕಾಯಬೇಡಿ. ಸಿಗರೇಟು ಸೇದುವವರಿಗೆ ರಕ್ತ ಬರುವುದೇ ಕಡಿಮೆ, ರೋಗ ಮುಸುಕು ಹಾಕಿ ಕೂತಿರುತ್ತದೆ.

ಇನ್ನು ಕಾಫಿ. ಸಕ್ಕರೆ ಬಾಯಿಗೆ ಬಿದ್ದ ಕೆಲವೇ ನಿಮಿಷದಲ್ಲಿ ಪ್ಲಾಕಿನ ಪಿಎಚ್ (ಇಳಿದಷ್ಟೂ ಹುಳಿ ಹೆಚ್ಚೆಂದು ತೋರಿಸುವ ಅಳತೆ) 5.5ಕ್ಕಿಂತ ಕೆಳಗಿಳಿದು ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್ ಕರಗತೊಡಗುತ್ತದೆ. ಎಂಜಲು ಅದನ್ನು ಮೇಲೆತ್ತಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ದರ್ಶಿನಿಯ ಬೈಟು ಕಾಫಿ ಒಂದೇ ಸಲಕ್ಕೆ ಕುಡಿದು ಮುಗಿಸಿದರೆ ಒಂದು ಏಟು. ಅದೇ ಕಾಫಿಯನ್ನು ಫ್ಲಾಸ್ಕಿಗೆ ಹಾಕಿಸಿಕೊಂಡು ಮೇಜಿನ ಮೇಲಿಟ್ಟು ಮಧ್ಯಾಹ್ನದವರೆಗೆ ಗುಟುಕರಿಸಿದರೆ ಹಲ್ಲಿಗೆ ಬಿಡುವೇ ಇಲ್ಲ. ಮೋಸಂಬಿ ಜ್ಯೂಸ್, ನಿಂಬೆ ಸೋಡಾ ಕುಡಿದ ತಕ್ಷಣ ಮಾತ್ರ ಉಜ್ಜಬೇಡಿ, ಅರ್ಧ ಗಂಟೆ ತಡೆಯಿರಿ.

ಬ್ಯಾಕ್ಟೀರಿಯಾ ಕೊಲ್ಲುವ ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ಡಾಕ್ಟರ್ ಹೇಳಿದರಷ್ಟೇ, ಹೇಳಿದಷ್ಟು ದಿನ. ವಾರಗಟ್ಟಲೆ ಬಳಸಿದರೆ ಹಲ್ಲು ಕಂದುಗಟ್ಟುತ್ತದೆ. ಪೇಸ್ಟಿಗೂ ಅದಕ್ಕೂ ಅರ್ಧ ಗಂಟೆ ಅಂತರವಿರಲಿ, ಪೇಸ್ಟಿನ ನೊರೆಯಂಶ ಅದರ ಬಲ ಕುಂದಿಸುತ್ತದೆ.

ಸ್ಕೇಲಿಂಗ್, ಅಂದರೆ ಡಾಕ್ಟರ ಬಳಿ ಗಾರೆ ಕೆರೆಸಿ ತೆಗೆಸುವುದು, ಮಾಡಿಸಿದರೆ ಹಲ್ಲು ಅಲ್ಲಾಡುತ್ತದೆ ಎಂದು ಹೆದರುವವರು ಬಹಳ. ಸಂದಿಯಲ್ಲಿ ತುಂಬಿದ್ದ ಗಾರೆ ಹೋದಾಗ ನಾಲಿಗೆಗೆ ಖಾಲಿ ತಗಲುತ್ತದೆ, ಬಾವು ಇಳಿದ ವಸಡು ಕುಗ್ಗಿ ಬುಡ ಕಾಣುತ್ತದೆ, ಕೆಲವು ದಿನ ಜುಮ್ ಎನ್ನುತ್ತದೆ. ಮೊದಲೇ ಎಲುಬು ಕರಗಿ, ಗಾರೆಯ ಆಸರೆಯಲ್ಲಿ ನಿಂತಿದ್ದ ಹಲ್ಲಾದರೆ ಅಲ್ಲಾಟ ಆಗ ಗೊತ್ತಾಗುತ್ತದೆ, ಅಷ್ಟೆ. ಖಾಸಗಿ ಕ್ಲಿನಿಕ್ಕಿನ ಬಿಲ್ಲಿಗೆ ಹಿಂಜರಿಯುವವರಿಗೆ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಬಳಿಯ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿದೆ. ಸರದಿ ಉದ್ದವಿರುತ್ತದೆ, ಬೆಳಿಗ್ಗೆಯೇ ತಿಂಡಿ ತಿಂದು ಹೊರಡಿ.