ಇತಿಹಾಸಕಾರರ ಸಂಘಕ್ಕೆ ದೇಣಿಗೆ ಕೊಡುವವರ ಗಮನಕ್ಕೆ

ಹಲ್ಮಿಡಿ, ಹಳೇಬೀಡು ಇರುವ ಹಾಸನದವರು ನಾವು, ಇತಿಹಾಸಕಾರರ ಸಂಘಕ್ಕೆ ಏನಾದರೂ ಕೊಡೋಣ ಅಂತ ಗ್ರೂಪಲ್ಲಿ ಕೆಲವರು ಕೇಳಿದ್ರಿ. 1935ರಲ್ಲಿ ಶುರುವಾದ, ಇಡೀ ದೇಶದ ಇತಿಹಾಸಕಾರರ ಸಂಘವಾದ ಇಂಡಿಯನ್ ಹಿಸ್ಟರಿ ಕಾಂಗ್ರೆಸ್ ಇರಲಿ, ನಮ್ಮ ರಾಜ್ಯದ ಸಂಘಗಳಿರಲಿ, ಸುಲಭದ ದಾರಿ ಸದಸ್ಯತ್ವ. ಆದರೆ ಅದು ಶುಲ್ಕ, ದಾನ ಅಂತ ತೆರಿಗೆಯಲ್ಲಿ ತೋರಿಸೋಕೆ ಸಾಮಾನ್ಯವಾಗಿ ಬರಲ್ಲ.

ನನಗೆ ಇಷ್ಟ ದತ್ತಿನಿಧಿ. ಅಪ್ಪ-ಅಮ್ಮನ ಹೆಸರಲ್ಲಿ ಇಡುಗಂಟು ಕೊಟ್ಟರೆ ಅಸಲು ಬ್ಯಾಂಕಲ್ಲೇ ಇರುತ್ತೆ, ಬಡ್ಡಿಯಲ್ಲಿ ವರ್ಷಕ್ಕೊಂದು ಉಪನ್ಯಾಸ. ಲೆಕ್ಕ ಮೊದಲೇ ಹಾಕಿಕೊಳ್ಳಿ: 50,000 ರೂಪಾಯಿಗೆ ಶೇ 6.5 ಬಡ್ಡಿ ಅಂದರೆ ವರ್ಷಕ್ಕೆ 3,250. ಉಪನ್ಯಾಸಕರ ಬಸ್ ಚಾರ್ಜು, ಒಂದು ಶಾಲು, ಹಾರಕ್ಕೆ ಆಯ್ತು. ಹಾಲ್ ಬಾಡಿಗೆಗೆ ಸಾಲದು. ಹಣ ಖರ್ಚು ಮಾಡದೆ ಉಳಿಸುವ ಮೂಲನಿಧಿಗೇ ಸೇರಬೇಕು ಅಂತ ಪತ್ರ ಬರೆದುಕೊಡಿ. ಇಲ್ಲದಿದ್ದರೆ ಆ ವರ್ಷದ ಸಮ್ಮೇಳನದ ಊಟಕ್ಕೇ ಕರಗೀತು!

ತೆರಿಗೆ ವಿನಾಯಿತಿ ಬೇಕಿದ್ದರೆ ಸಂಘಕ್ಕೆ ದಾನಿಗಳಿಗೆ ವಿನಾಯಿತಿ ಸಿಗುವಂಥ ಆದಾಯ ತೆರಿಗೆ ನೋಂದಣಿ (80ಜಿ ಅಂತ ಕರೆಯೋದು) ಇದೆಯಾ, ಅವಧಿ ಮುಗಿದಿಲ್ಲವಾ ಕೇಳಿ. 2,000ಕ್ಕಿಂತ ಹೆಚ್ಚು ನಗದು ಕೊಟ್ಟರೆ ವಿನಾಯಿತಿ ಇಲ್ಲ, ಚೆಕ್ ಅಥವಾ ಯುಪಿಐ ಮಾಡಿ. ಪಾನ್ ನಂಬರ್ ಕೊಟ್ಟು ಸಂಘ ಕೊಡುವ ದಾನದ ಸರ್ಟಿಫಿಕೇಟನ್ನೂ (10ಬಿಇ ಅಂತ ಕರೆಯೋದು) ಕೇಳಿ ಪಡೆಯಿರಿ, ಬರೀ ರಸೀದಿ ಸಾಲದು. ಹೊಸ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಇದ್ಯಾವುದೂ ಅನ್ವಯಿಸಲ್ಲ. ಬರೀ ತೋಟದ ಆದಾಯ ಇದ್ದು ಅದಕ್ಕೆ ಆದಾಯ ತೆರಿಗೆ ಬೀಳದ ಚಿಕ್ಕಮಗಳೂರು ಕಡೆಯವರೂ ಈ ತಲೆನೋವು ಬಿಟ್ಟು ಕೊಡಬಹುದು.

ದೊಡ್ಡ ಮೊತ್ತ ಕಷ್ಟ ಅಂದರೆ, ಸಮ್ಮೇಳನದಲ್ಲಿ ಪ್ರಬಂಧ ಓದಲು ಹೋಗುವ ಒಬ್ಬ ಸಂಶೋಧನಾ ವಿದ್ಯಾರ್ಥಿಯ ನೋಂದಣಿ ಶುಲ್ಕ, ರೈಲು ಟಿಕೆಟ್ ವಹಿಸಿಕೊಳ್ಳಿ. ಸಂಘದ ಕಾರ್ಯದರ್ಶಿಗೆ ಹೇಳಿದರೆ ಹೆಸರು ಕೊಡ್ತಾರೆ.