ಎರಡು ಗಾಲಿಯ ಟ್ರೇಲರ್: ಹುಕ್ಕಿನ ಮೇಲೆ ಎಷ್ಟು ಭಾರ ಬೀಳಬೇಕು?

ಮಹಾರಾಷ್ಟ್ರದ ಜತ್ತ, ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರದ ಕಡೆ ಒಂದೇ ಟ್ರ್ಯಾಕ್ಟರು ಹಂಗಾಮಿನಲ್ಲಿ ಕಬ್ಬು ಎಳೆಯುತ್ತದೆ, ಬೇಸಿಗೆಯಲ್ಲಿ ನೀರಿನ ಟ್ಯಾಂಕರ್, ಮಳೆಗೆ ಮುಂಚೆ ತಿಪ್ಪೆಗೊಬ್ಬರ. ಏರಿನಲ್ಲಿ ಮುಂದಿನ ಗಾಲಿ ಎದ್ದರೆ ‘ಲೋಡು ಜಾಸ್ತಿ ಆಯಿತು’ ಅನ್ನುವುದು ರೂಢಿ. ಆದರೆ ಬಹಳ ಸಲ ತಪ್ಪು ಲೋಡಿನ ತೂಕದ್ದಲ್ಲ, ಅದು ಕೂತ ಜಾಗದ್ದು. ಎತ್ತಿನ ಗಾಡಿ ಹೂಡಿದವರಿಗೆ ಇದು ಹೊಸದಲ್ಲ. ಮುಂಭಾರವಾದರೆ ಎತ್ತಿನ ಹೆಗಲು ಕುಸಿಯುತ್ತದೆ, ಹಿಂಭಾರವಾದರೆ ನೊಗ ಮೇಲೆದ್ದು ಕೊರಳು ಬಿಗಿಯುತ್ತದೆ. ಎರಡು ಗಾಲಿಯ ಟ್ರೇಲರಿನಲ್ಲೂ ಲೆಕ್ಕ ಅದೇ.

ನಾಲ್ಕು ಗಾಲಿಯ ಟ್ರೇಲರ್ ತನ್ನ ಭಾರವನ್ನು ತಾನೇ ಹೊರುತ್ತದೆ, ಹುಕ್ಕಿನ ಮೇಲೆ ಹೆಚ್ಚೇನೂ ಬೀಳುವುದಿಲ್ಲ. ಇಲ್ಲಿ ಹೇಳುವುದು ಎರಡು ಗಾಲಿಯದಕ್ಕೆ ಮಾತ್ರ.

ಮೊದಲು ಹುಕ್ ಆರಿಸಿ

ಹಿಂದಿನ ಆಕ್ಸಲ್ ಹೌಸಿಂಗಿಗೆ ಬೋಲ್ಟ್ ಮಾಡಿದ ಗಟ್ಟಿ ಹುಕ್ ಅಥವಾ ಕೆಳಗಿನ ಡ್ರಾಬಾರ್, ಇವೆರಡೇ ಸರಿ. ಹೈಡ್ರಾಲಿಕ್ ಕೈಗಳ ನಡುವಿನ ತೂತಿನ ಪಟ್ಟಿಗೆ ಭಾರದ ಟ್ರೇಲರ್ ಸಿಕ್ಕಿಸಬೇಡಿ. ಅದು ಏಳುತ್ತದೆ, ಇಳಿಯುತ್ತದೆ, ಅತ್ತಿತ್ತ ಓಲಾಡುತ್ತದೆ. ಟಾಪ್ ಲಿಂಕ್ (ಮೇಲಿನ ಮೂರನೇ ಕೈ) ಹಾಕುವ ಜಾಗಕ್ಕಂತೂ ಯಾವತ್ತೂ ಕಟ್ಟಬಾರದು. ಎಳೆತ ಅಷ್ಟು ಮೇಲಿನಿಂದ ಬಂದರೆ ಟ್ರ್ಯಾಕ್ಟರ್ ಹಿಂದಕ್ಕೆ ಮಗುಚಲು ತಡವಾಗುವುದಿಲ್ಲ. ಹುಕ್ಕಿನ ಮೇಲೆ ಎಷ್ಟು ಕಿಲೋ ಹೇರಬಹುದು ಎಂಬುದು ಟ್ರ್ಯಾಕ್ಟರಿನ ಪುಸ್ತಕದಲ್ಲಿ ಇರುತ್ತದೆ, ಅದನ್ನು ಮೀರಬೇಡಿ. ಪಿನ್ನಿನ ಬದಲು ಕಬ್ಬಿಣದ ಸರಳಿನ ತುಂಡು ಬೇಡ. ಟ್ರೇಲರಿನ ಮೂಕಿಯ (ಮುಂದಕ್ಕೆ ಚಾಚಿದ ಎಳೆಯುವ ದಂಡದ) ತುದಿಯ ಬಳೆ ಮತ್ತು ಪಿನ್ನಿನ ನಡುವೆ ಸಡಿಲ ಹೆಚ್ಚಿದ್ದರೆ ಪ್ರತಿ ಗುಂಡಿಯಲ್ಲೂ ಬಡಿದು ಎರಡೂ ಬೇಗ ಸವೆಯುತ್ತವೆ.

ಕಾಟಾದ ಮೇಲೆ ಮೂರು ತೂಕ

ಕಬ್ಬಿನ ಕಾಟಾ, ಅಂದರೆ ಗಾಡಿ ಸಮೇತ ತೂಗುವ ಕಟ್ಟೆ, ಹತ್ತಿರದಲ್ಲೇ ಇರುತ್ತದೆ. ಒಂದು ಸಲ ಹೀಗೆ ತೂಗಿಸಿಕೊಳ್ಳಿ. ಮೊದಲು ಟ್ರೇಲರ್ ಬಿಚ್ಚಿ ಟ್ರ್ಯಾಕ್ಟರ್ ಒಂದನ್ನೇ ನಿಲ್ಲಿಸಿ. ಎರಡನೆಯದು, ತುಂಬಿದ ಟ್ರೇಲರ್ ಸಿಕ್ಕಿಸಿ ಟ್ರ್ಯಾಕ್ಟರಿನ ನಾಲ್ಕೂ ಗಾಲಿ ಕಾಟಾದ ಮೇಲೆ, ಟ್ರೇಲರಿನ ಗಾಲಿ ಹೊರಗೆ, ಆದರೆ ಅದೇ ಮಟ್ಟದ ನೆಲದಲ್ಲಿ. ಎರಡನೆಯದರಿಂದ ಮೊದಲನೆಯದನ್ನು ಕಳೆದರೆ ಬರುವುದೇ ಹುಕ್ಕಿನ ಮೇಲಿನ ಭಾರ. ಮೂರನೆಯದು, ಟ್ರೇಲರ್ ಸಿಕ್ಕಿಸಿದಂತೆಯೇ ಟ್ರ್ಯಾಕ್ಟರಿನ ಮುಂದಿನ ಗಾಲಿಗಳು ಮಾತ್ರ ಕಾಟಾದ ಮೇಲೆ. ತೂಗುವಾಗ ಗಾಡಿ ನ್ಯೂಟ್ರಲಿನಲ್ಲಿರಲಿ, ಬ್ರೇಕ್ ಸಡಿಲವಿರಲಿ. ಡ್ರೈವರ್ ಕೂತರೆ ಮೂರೂ ಸಲ ಕೂರಲಿ, ಇಳಿದರೆ ಮೂರೂ ಸಲ ಇಳಿಯಲಿ.

ಸಮತಟ್ಟಿನಲ್ಲಾಗಲಿ ಏರಿನಲ್ಲಾಗಲಿ, ಟ್ರ್ಯಾಕ್ಟರಿನ ಸ್ವಂತ ತೂಕದ 20% ಆದರೂ ಮುಂದಿನ ಗಾಲಿಗಳ ಮೇಲೆ ಉಳಿಯಬೇಕು. ಅದಕ್ಕಿಂತ ಇಳಿದರೆ ಸ್ಟೀರಿಂಗ್ ತಿರುಗುತ್ತದೆ, ಗಾಡಿ ತಿರುಗುವುದಿಲ್ಲ.

ಲೆಕ್ಕ ಹೀಗೆ

ತೂಕ 2000 ಕಿಲೋ, ಮುಂದೆ 750, ಹಿಂದೆ 1250 ಇರುವ ಒಂದು ಟ್ರ್ಯಾಕ್ಟರ್ ತೆಗೆದುಕೊಳ್ಳಿ. ಮುಂದಿನ-ಹಿಂದಿನ ಗಾಲಿಗಳ ನಡುವೆ 2 ಮೀಟರ್, ಹಿಂದಿನ ಆಕ್ಸಲಿನಿಂದ ಹುಕ್ 60 ಸೆಂ.ಮೀ. ಹಿಂದೆ. ಹುಕ್ಕಿನ ಮೇಲೆ ಬೀಳುವ ಪ್ರತಿ 100 ಕಿಲೋಗೆ ಮುಂದಿನ ಗಾಲಿಗಳಿಂದ 30 ಕಿಲೋ ಕಡಿಮೆಯಾಗುತ್ತದೆ. ಟ್ರೇಲರ್ ಸಮೇತ ಲೋಡು 6200 ಕಿಲೋ, ಅದರ ಹತ್ತನೇ ಒಂದು ಪಾಲು ಅಂದರೆ 620 ಕಿಲೋ ಹುಕ್ಕಿನ ಮೇಲಿದೆ ಎನ್ನಿ. ಮುಂದೆ ಉಳಿಯುವುದು ಸುಮಾರು 564. ಸಮತಟ್ಟಿನಲ್ಲಿ ಇದು ಸಾಕು.

ಏರಿಗೆ ಬಂದಾಗ ಸಂಗತಿ ಬೇರೆ. 10 ಮೀಟರಿಗೆ 1 ಮೀಟರ್ ಏರುವ ದಾರಿಯಲ್ಲಿ ಈ ಟ್ರೇಲರ್ ಎಳೆಯಲು ಸುಮಾರು 930 ಕಿಲೋ ಎಳೆತ ಬೇಕು. ಹುಕ್ ನೆಲದಿಂದ 50 ಸೆಂ.ಮೀ. ಎತ್ತರದಲ್ಲಿದ್ದರೆ ಆ ಎಳೆತವೇ ಮುಂದಿನಿಂದ ಸುಮಾರು 230 ಕಿಲೋ ಕಿತ್ತುಕೊಳ್ಳುತ್ತದೆ, ಟ್ರ್ಯಾಕ್ಟರ್ ತಾನೇ ಓರೆಯಾದದ್ದಕ್ಕೆ ಇನ್ನೊಂದು 70. ಉಳಿದದ್ದು ಬರೀ 260, ಬೇಕಾದದ್ದು 400. ಹುಕ್ 75 ಸೆಂ.ಮೀ. ಎತ್ತರದಲ್ಲಿದ್ದರೆ ಇನ್ನೂ 115 ಕಿಲೋ ಹೋಯಿತು. ಹುಕ್ ತಗ್ಗಿರಲಿ ಅನ್ನುವುದು ಇದಕ್ಕೇ.

ಈ ಕೊರತೆ ತುಂಬುವುದು ಮುಂದಿನ ಬಂಪರಿಗೆ ಹಾಕುವ ಎರಕದ ತೂಕಗಳು. ಮುಂದಿನ ಆಕ್ಸಲಿನಿಂದ ಅರ್ಧ ಮೀಟರ್ ಮುಂದೆ 20 ಕಿಲೋದ 6 ತೂಕ ಹಾಕಿದರೆ 120 ಅಲ್ಲ, 150 ಕಿಲೋ ಲಾಭ. ಮುಂದಿನ ಗಾಲಿ ಏಳುತ್ತದೆಂದು ಹಿಂದಿನ ಟಯರಿಗೆ ನೀರು ತುಂಬಿಸುವವರಿದ್ದಾರೆ. ಅದರಿಂದ ಮುಂದೆ ಒಂದು ಕಿಲೋ ಕೂಡ ಹೆಚ್ಚುವುದಿಲ್ಲ. ಬಂಪರಿನ ಮೇಲೆ ಆಳು ನಿಲ್ಲಿಸುವುದಂತೂ ಬೇಡವೇ ಬೇಡ. ಜಾರಿದರೆ ಆತ ಬೀಳುವುದು ಗಾಲಿಯ ಕೆಳಗೇ.

ಹೇರುವ ಕ್ರಮ

ಮೂಕಿಯ ಬಳೆಯಿಂದ ಟ್ರೇಲರಿನ ಆಕ್ಸಲಿಗೆ 3.6 ಮೀಟರ್ ಇದ್ದು 5 ಟನ್ ಹೇರಿದ್ದರೆ, ಲೋಡಿನ ನಡುಮಧ್ಯ 10 ಸೆಂ.ಮೀ. ಹಿಂದೆ ಮುಂದೆ ಆದರೂ ಹುಕ್ಕಿನ ಮೇಲೆ ಸುಮಾರು 140 ಕಿಲೋ ವ್ಯತ್ಯಾಸ. ಒಂದು ಗೇಣಿಗೆ ಸುಮಾರು ಮುನ್ನೂರು ಕಿಲೋ ಆಯಿತು.

ಆದ್ದರಿಂದ ಮುಂದಿನಿಂದ ಹೇರುತ್ತ ಬನ್ನಿ, ಇಳಿಸುವಾಗ ಹಿಂದಿನಿಂದ ಶುರು ಮಾಡಿ. ಕಬ್ಬಿನ ಬುಡ ಭಾರ, ತುದಿ ಹಗುರ. ಉದ್ದಕ್ಕೆ ಹೇರುವುದಾದರೆ ಬುಡವೆಲ್ಲ ಹಿಂದಕ್ಕೆ ಬರದಂತೆ ನೋಡಿಕೊಳ್ಳಿ, ಹಿಂದಕ್ಕೆ ಚಾಚಿದ ಹೊರೆಗಳನ್ನು ಕಡಿಮೆ ಮಾಡಿ. ಹಿಂಭಾರವಾದರೆ ಮೂಕಿ ಹುಕ್ಕನ್ನು ಮೇಲಕ್ಕೆ ಎತ್ತುತ್ತದೆ. ಆಗ ಟ್ರ್ಯಾಕ್ಟರಿನ ಹಿಂದಿನ ಗಾಲಿ ಎರೆಮಣ್ಣಿನಲ್ಲಿ ಸುಮ್ಮನೆ ತಿರುಗುತ್ತದೆ, ಡಾಂಬರಿನಲ್ಲಿ ಟ್ರೇಲರ್ ಹಾವಿನಂತೆ ಹೊರಳಾಡುತ್ತದೆ. ಹೊರಳಾಟ ಶುರುವಾದರೆ ಬ್ರೇಕ್ ಒತ್ತಿ ತುಳಿಯಬೇಡಿ, ಎಕ್ಸಲರೇಟರ್ ಮೆಲ್ಲಗೆ ಬಿಡಿ. ರಸ್ತೆಗೆ ಇಳಿಯುವ ಮೊದಲು ಎಡ-ಬಲ ಬ್ರೇಕ್ ಪೆಡಲ್‌ಗಳನ್ನು ಜೋಡಿಸುವ ಲಾಕ್ ಹಾಕಿರಬೇಕು.

ಟ್ರೇಲರ್ ಬಿಚ್ಚುವಾಗ ಗಾಲಿಗೆ ಕಲ್ಲು ಕೊಟ್ಟು, ಮೂಕಿಗೆ ಜಾಕ್ ಊರಿ, ಹಿಂದೆಯೂ ಒಂದು ಆಸರೆ ಕೊಡಿ. ಹಿಂಭಾರದ ಟ್ರೇಲರಿನ ಪಿನ್ ತೆಗೆದ ಕೂಡಲೇ ಮೂಕಿ ಮೇಲಕ್ಕೆ ಚಿಮ್ಮುತ್ತದೆ, ಬಗ್ಗಿ ನಿಂತವನ ಗದ್ದಕ್ಕೋ ಎದೆಗೋ ಬಡಿಯುತ್ತದೆ.

ಟ್ಯಾಂಕರ್ ಮತ್ತು ಜೋಡಿ ಟ್ರೇಲರ್

ನೀರು ಹೇರಿದ ಜಾಗದಲ್ಲಿ ನಿಲ್ಲುವುದಿಲ್ಲ. ತುಂಬಿದ 5000 ಲೀಟರ್ ಅಂದರೆ ಸರಿಯಾಗಿ 5 ಟನ್, ಅದು ಅಲುಗಾಡದು. ಅರ್ಧ ಖಾಲಿಯಾದಾಗಲೇ ಗಂಡಾಂತರ. ಏರಿನಲ್ಲಿ ನೀರು ಹಿಂದಕ್ಕೆ ಸರಿದು, ಹಿಡಿತ ಬೇಕಾದ ಹೊತ್ತಿಗೇ ಹುಕ್ ಹಗುರಾಗುತ್ತದೆ. ಬ್ರೇಕ್ ಹಾಕಿದರೆ ಅಷ್ಟೂ ನೀರು ಮುಂದಕ್ಕೆ ನುಗ್ಗಿ ಟ್ರ್ಯಾಕ್ಟರನ್ನು ನೂಕುತ್ತದೆ. ಟ್ಯಾಂಕರ್ ಕೊಳ್ಳುವಾಗ ಮುಚ್ಚಳ ತೆಗೆದು ಒಳಗೆ ಟಾರ್ಚ್ ಹಾಕಿ ನೋಡಿ. ತೂತುಗಳಿರುವ ಅಡ್ಡ ತಗಡುಗಳು ಇಲ್ಲದಿದ್ದರೆ ಮೊದಲೇ ಹಾಕಿಸಿ ಎನ್ನಿ. ಒಂದೂರಿಗೆ ಅರ್ಧ, ಇನ್ನೊಂದೂರಿಗೆ ಅರ್ಧ ಕೊಡುವುದಿದ್ದರೆ ನಡುವಿನ ದಾರಿಯಲ್ಲೇ ಹೆಚ್ಚು ನಿಧಾನ ಬೇಕು.

ಎರಡು ಗಾಲಿಯ ಟ್ರೇಲರಿಗೆ ಹಿಂದೆ ಇನ್ನೊಂದು ಎರಡು ಗಾಲಿಯದನ್ನು ಸಿಕ್ಕಿಸಬೇಡಿ. ಹಿಂದಿನದರ ಮೂಕಿ 500 ಕಿಲೋ ಹೇರಿದರೆ, ಅದು ಮುಂದಿನ ಟ್ರೇಲರಿನ ಆಕ್ಸಲಿನಿಂದ 2 ಮೀಟರ್ ಹಿಂದೆ ಬಿದ್ದು ಟ್ರ್ಯಾಕ್ಟರಿನ ಹುಕ್ಕಿನಿಂದ ಸುಮಾರು 280 ಕಿಲೋ ಎತ್ತಿಬಿಡುತ್ತದೆ. ಮೊದಲ ಟ್ರೇಲರನ್ನು ಎಷ್ಟು ಜಾಣತನದಿಂದ ಹೇರಿದ್ದರೂ ಅದು ಅಷ್ಟರಮಟ್ಟಿಗೆ ಹಿಂಭಾರದ ಕಡೆ ವಾಲುತ್ತದೆ.

ಗಾಲಿ ಕೆಸರಿನಲ್ಲಿ ಹೂತರೆ ಅದಕ್ಕೆ ಮರದ ದಿಮ್ಮಿ ಕಟ್ಟಿ ಎಕ್ಸಲರೇಟರ್ ಒತ್ತಬೇಡಿ. ಗಾಲಿ ತಿರುಗಲಾಗದಿದ್ದಾಗ ಟ್ರ್ಯಾಕ್ಟರಿನ ಮೈಯೇ ಅದರ ಸುತ್ತ ಮೇಲೇಳುತ್ತದೆ, ಕ್ಲಚ್ ತುಳಿಯಲೂ ಹೊತ್ತು ಸಿಗುವುದಿಲ್ಲ. ಟ್ರೇಲರ್ ಬಿಚ್ಚಿ, ಟ್ರ್ಯಾಕ್ಟರನ್ನು ಗಟ್ಟಿ ನೆಲಕ್ಕೆ ತಂದು, ಉದ್ದದ ಸರಪಳಿಯಿಂದ ಕೆಳಗಿನ ಹುಕ್ಕಿಗೇ ಕಟ್ಟಿ ಎಳೆಯಿರಿ.